ಪುಟ್ಟಗೌರಮ್ಮನ ಮೂರು ಸೋಮವಾರ

ಪುಟ್ಟಗೌರಮ್ಮನ ಕತೆ ಹೇಳುವ ಮೊದಲು ನನ್ನ ಯೋಗ್ಯತೆ ಎಷ್ಟೆಂದು ಹೇಳಿಬಿಡುವುದು ಒಳ್ಳೆಯದು. ಮೈಸೂರಿನಲ್ಲಿ ಮೂರು ದಿನದ ತರಬೇತಿ. ಅದರಲ್ಲಿ ಒಂದು ದಿನ ಹೊಟ್ಟೆ ಕೆಟ್ಟು ಹಾಸ್ಟೆಲಿನಲ್ಲಿ ಮಲಗಿದ್ದೆ. ಇಪ್ಪತ್ತನಾಲ್ಕು ಪುಟದ ಒಂದು ಕೈಪಿಡಿ. ಅದರಲ್ಲಿ ನಾಲ್ಕು ಪುಟ ಮುನ್ನುಡಿ, ಎರಡು ಪುಟ ಗಣ್ಯರ ಭಾವಚಿತ್ರ. ಇಷ್ಟನ್ನು ಕಂಕುಳಲ್ಲಿ ಇಟ್ಟುಕೊಂಡು, ತೊಂಬತ್ತೇಳನೇ ಇಸವಿಯಲ್ಲಿ, ನನ್ನ ಇಪ್ಪತ್ತಮೂರನೇ ವಯಸ್ಸಿನಲ್ಲಿ, ಯಳಂದೂರಿನಲ್ಲಿ ಬಸ್ಸು ಹತ್ತಿ, ಕೊಳ್ಳೇಗಾಲದಲ್ಲಿ ಬಸ್ಸು ಬದಲಿಸಿ, ಹನೂರು ದಾಟಿ ಅಜ್ಜೀಪುರದ ರಸ್ತೆಯಲ್ಲಿದ್ದ ಒಂದು ಹಾಲಿನ ಸೊಸೈಟಿಯ ಮುಂದೆ ಇಳಿದೆ. ದಿನಗೂಲಿಯ ಮೇಲೆ ‘ಮೇವು ಸಹಾಯಕ’ ಎಂಬ ಹುದ್ದೆ. ಮೇವಿಗೆ ನಾನು ಏನು ಸಹಾಯ ಮಾಡಬೇಕು ಅನ್ನುವುದು ನನಗೂ ಗೊತ್ತಿರಲಿಲ್ಲ, ಮೇವಿಗೂ ಗೊತ್ತಿರಲಿಲ್ಲ.

ಸೊಸೈಟಿಯ ಅಧ್ಯಕ್ಷರು ಶಿವರುದ್ರಸ್ವಾಮಿಯವರು. ರಸ್ತೆಗೆ ಹೊಂದಿಕೊಂಡ ಅವರ ಮೂರು ಎಕರೆಯಲ್ಲಿ ನೇಪಿಯರ್ ಹುಲ್ಲು, ಊರವರ ಬಾಯಲ್ಲಿ ಸೀಮೆಹುಲ್ಲು, ಎದ್ದು ನಿಂತಿತ್ತು. ಮುಂದೆ ‘ಮಾದರಿ ಮೇವಿನ ತೋಟ’ ಎಂಬ ಬೋರ್ಡು. ನೆಲ ಅಧ್ಯಕ್ಷರದು. ನಾಟಿ ಕಡ್ಡಿ ಸೊಸೈಟಿಯದು, ಗೊಬ್ಬರ ಸೊಸೈಟಿಯದು, ಬೋರ್ಡು ಸೊಸೈಟಿಯದು. ಹುಲ್ಲು ಬೆಳೆದು ನಿಂತ ಮೇಲೆ ಮತ್ತೆ ಅಧ್ಯಕ್ಷರದು. ಮಳೆಗಾಲದಲ್ಲಿ ಹೆಚ್ಚಾಗುವ ಹುಲ್ಲನ್ನು ಕತ್ತರಿಸಿ, ಗುಂಡಿಗೆ ತುಂಬಿ, ತುಳಿದು, ಗಾಳಿಯಾಡದಂತೆ ಮುಚ್ಚಿಟ್ಟು, ಹುಳಿ ಬಂದ ಆ ರಸಮೇವನ್ನು ಬೇಸಿಗೆಯಲ್ಲಿ ಹಸುಗಳಿಗೆ ಹಾಕಬೇಕು ಅನ್ನುವುದು ಯೋಜನೆ. ಅದಕ್ಕಾಗಿ ಅಕ್ಕಪಕ್ಕದಲ್ಲಿ ಎರಡು ಗುಂಡಿ ತೋಡಿಸಿದ್ದರು.

ಆ ತೋಟಕ್ಕೆ ಗೊಬ್ಬರ ಎರಚುತ್ತಿದ್ದವಳು ಪುಟ್ಟಗೌರಮ್ಮ. ಐವತ್ತರ ಹತ್ತಿರದ ಸಣಕಲು ಹೆಂಗಸು. ಹುಲ್ಲು ಕುಯ್ಯುವ ಐದು ಹೆಣ್ಣಾಳುಗಳಿಗೆ ಮುಂದಾಳು. ನಾನು ಮೊದಲ ದಿನ ತೋಟಕ್ಕೆ ಹೋದಾಗ ಆಕೆ ಯೂರಿಯಾ ಮೂಟೆಯನ್ನು ಪಕ್ಕದಲ್ಲಿಟ್ಟುಕೊಂಡು ಬದುವಿನ ಮೇಲೆ ಎಲೆಯಡಿಕೆ ಅಗಿಯುತ್ತಾ ಕೂತಿದ್ದಳು.

“ಯಾಕಮ್ಮ ಕೂತಿದ್ದೀರ? ಏಳು ಗಂಟೆ ಆಯ್ತು” ಎಂದೆ, ಆಗಲೇ ಅಧಿಕಾರಿಯಾಗಿ.

“ಇಬ್ಬನಿ ಆರ್ಲಿ ಅಂತ ಕುಂತಿವ್ನಿ ಸಾ.”

“ಬೆಳಿಗ್ಗೆ ಹೊತ್ತು ಹಾಕ್ಬೇಕು ಅಂತ ಕೈಪಿಡೀಲಿ ಇದೆ.”

“ನಿಮ್ ಕೈಪಿಡೀಲಿ ಇಬ್ಬನಿ ಬೀಳಾಕಿಲ್ವ ಸಾ?”

ಬೀಳುತ್ತಿರಲಿಲ್ಲ. ಅದು ಮೈಸೂರಿನಲ್ಲಿ ಫ್ಯಾನಿನ ಕೆಳಗೆ ಬರೆದ ಕೈಪಿಡಿ. ಆಕೆಗೆ ಪಾಠ ಕಲಿಸುವುದಕ್ಕೆಂದು ಬಕೆಟ್ಟು ತುಂಬಿಕೊಂಡು ನಾನೇ ಒಂದು ಎಕರೆಗೆ ಎರಚಿದೆ. ಒದ್ದೆ ಗರಿಗೆ ಕಾಳು ಅಂಟಿಕೊಂಡು ಎರಡೇ ದಿನದಲ್ಲಿ ಗರಿಯ ಮೇಲೆಲ್ಲ ಬಿಳಿ ಸುಟ್ಟ ಕಲೆ. ಹದಿನೈದು ದಿನ ಕಳೆಯುವಷ್ಟರಲ್ಲಿ ಅದಕ್ಕಿಂತ ಘನವಾದದ್ದು ಕಾಣಿಸಿತು: ಒಂದು ಪಟ್ಟೆ ಕಡುಹಸಿರು, ಅದರ ಪಕ್ಕ ಒಂದು ಪಟ್ಟೆ ಅರಿಸಿನ. ಬೆಟ್ಟಕ್ಕೆ ಹೋಗುವ ಬಸ್ಸಿನ ಪ್ರಯಾಣಿಕರು ಕಿಟಕಿಯಿಂದ ತಲೆ ಹಾಕಿ ಇದು ಯಾವ ಹೊಸ ತಳಿ ಎಂದು ನೋಡುತ್ತಿದ್ದರು. ಪುಟ್ಟಗೌರಮ್ಮ ನನ್ನನ್ನು ಬದುವಿನ ಮೇಲೆ ನಿಲ್ಲಿಸಿ ಬೆರಳು ತೋರಿಸಿ ಓದಿದಳು:

“ಇಲ್ಲಿ ಜೋರಾಗಿ ಎರಚ್ದೆ. ಇಲ್ಲಿ ಕೈ ನೊಂದ್ತು. ಅಗೋ, ಅಲ್ಲಿ ಗುಡ್ಡೆ ಬಿದ್ದದಲ್ಲ, ಅಲ್ಲಿ ಬೀಡಿ ಅಚ್ಕಳಕ್ಕೆ ನಿಂತ್ಕಂಡೆ. ಎಲ್ಲಾನೂವೆ ಉಲ್ಲು ಬರ್ಕಂಡದೆ ನೋಡ್ಲಾ.”

‘ಸಾ’ ಅನ್ನುವುದು ಅವತ್ತೇ ಕಳಚಿಬಿತ್ತು. ‘ಲಾ’ ಮಾತ್ರ ಕಾಯಂ ಆಯಿತು. ನಾನು ಆಕೆಯನ್ನು ಗೌರವ್ವ ಎಂದು ಕರೆಯತೊಡಗಿದೆ. ಬೇರೇನು ಕರೆಯಲು ನನಗೆ ಮುಖವಿರಲಿಲ್ಲ.

ಆಕೆ ಹುಟ್ಟಿದ್ದು ಅಜ್ಜೀಪುರದಲ್ಲಿ. ಹದಿನಾರಕ್ಕೆ ಈ ಊರಿಗೆ ಮದುವೆಯಾಗಿ ಬಂದಳು. ಗಂಡ ಮುತ್ತಯ್ಯ ಮಹದೇಶ್ವರ ಬೆಟ್ಟದ ಒಂದು ವಸತಿಗೃಹದಲ್ಲಿ ಯಾತ್ರಿಕರಿಗೆ ಬಿಸಿನೀರು ಹೊತ್ತುಕೊಡುವ ಕೆಲಸ ಮಾಡುತ್ತಾ, ತಿಂಗಳಿಗೊಮ್ಮೆ ಮನೆಗೆ ನೆಂಟನ ಹಾಗೆ ಬಂದು ಹೋಗುತ್ತಿದ್ದ. ಎಂಬತ್ತನೇ ಇಸವಿಯ ಸುಮಾರಿಗೆ ಎಂಟು ವರ್ಷ ಈಕೆ ನಮ್ಮ ಯಳಂದೂರಿನ ನಾಲೆ ಬಯಲಿಗೆ ನಾಟಿಗೂ ಗೊಬ್ಬರ ಎರಚುವುದಕ್ಕೂ ಬಂದವಳು. ನಾನು ಅಲ್ಲಿ ಚಡ್ಡಿ ಹಾಕಿಕೊಂಡು ಕಪ್ಪೆ ಹಿಡಿಯುತ್ತಿದ್ದಾಗ ಈಕೆ ಮೊಳಕಾಲು ಕೆಸರಿನಲ್ಲಿ ಗೊಬ್ಬರದ ಬೇಸಿನ್ ಸೊಂಟಕ್ಕಿಟ್ಟು, ಹೆಜ್ಜೆಗೊಂದು ಹಿಡಿ, ಎಡಕ್ಕೊಮ್ಮೆ ಬಲಕ್ಕೊಮ್ಮೆ, ಒಂದು ಕಾಳು ಇನ್ನೊಂದರ ಮೇಲೆ ಬೀಳದ ಹಾಗೆ ಎರಚುತ್ತಿದ್ದಳು. ಆ ಕೈಯನ್ನೇ ಹುಲ್ಲಿಗೆ ತಂದಿದ್ದಳು.

ಹುಲ್ಲು ಕುಯ್ದು ಮೂರನೆಯದೋ ನಾಲ್ಕನೆಯದೋ ದಿನ, ಬುಡದಲ್ಲಿ ಹೊಸ ಸುಳಿ ಕಿರುಬೆರಳಿನಷ್ಟು ಎದ್ದಾಗ, ನೀರು ಬಿಡಿಸುತ್ತಿದ್ದಳು. ನೀರು ಇಂಗಿ, ಮಣ್ಣು ಹಿಡಿದರೆ ಉಂಡೆಯಾಗಬೇಕು, ಅಂಗೈಗೆ ಅಂಟಬಾರದು, ಆಗ ಗೊಬ್ಬರ. ಮೋಡ ಕಪ್ಪಾಗಿ ಜೋರು ಮಳೆ ಬರುವ ಸೂಚನೆ ಇದ್ದರೆ ಮೂಟೆ ಬಿಚ್ಚುತ್ತಿರಲಿಲ್ಲ. “ನಾ ಆಕದು ಉಲ್ಲಿಗೆ, ಅಳ್ಳಕ್ಕಲ್ಲ” ಅನ್ನುತ್ತಿದ್ದಳು. ಹೀಗೆ ಒಮ್ಮೆ ಹಾಕಿದ ಮೇಲೆ, ನಲವತ್ತೈದು ದಿನಕ್ಕೆ ಕುಯ್ಲು ಬರುವ ತನಕ ಮತ್ತೆ ಗೊಬ್ಬರ ಮುಟ್ಟುವಂತಿರಲಿಲ್ಲ. ಕುಯ್ಲಿಗೆ ಮೂರು ವಾರ ಇದೆ ಅನ್ನುವಾಗಲಂತೂ ಮೂಟೆಯ ಬಾಯಿ ಹೊಲಿದಿರಬೇಕು. ಹಿಂದಿನ ವರ್ಷ ನನ್ನಂಥದೇ ಇನ್ನೊಬ್ಬ ಸಹಾಯಕ ಕುಯ್ಲಿನ ಹಿಂದಿನ ವಾರ ಯೂರಿಯಾ ಹಾಕಿಸಿ ಒಂದು ಸಣ್ಣ ಗುಂಡಿ ತುಂಬಿಸಿದ್ದನಂತೆ. ಬೇಸಿಗೆಯಲ್ಲಿ ತೆಗೆದಾಗ ನಾಯಿಯೂ ಮೂಸಿರಲಿಲ್ಲವಂತೆ.

“ಒಸ ಗೊಬ್ಬರ ತಿಂದ ಉಲ್ಲು ನೀರು ಕುಡ್ಕಂಡು ಊದ್ಕಂಡಿರ್ತದೆ ಕಣ್ಲಾ. ಕಣ್ಣಿಗೆ ದುಂಡ್‌ದುಂಡಗೆ ಕಾಣ್ತದೆ, ಕಡ್ಡೀಲಿ ಸಿಹಿ ಇರಲ್ಲ. ಸಿಹಿ ಇಲ್ದಿದ್ದು ಉಳಿ ಎಂಗಾದದು? ಕೊಳೀತದೆ ಅಷ್ಟೆ.”

ಇದನ್ನೇ ಕೈಪಿಡಿಯ ಹತ್ತೊಂಬತ್ತನೇ ಪುಟದಲ್ಲಿ ಹನ್ನೆರಡು ಸಾಲಿನಲ್ಲಿ ಹೇಳಿದ್ದರು. ನಾನು ಹೊಟ್ಟೆ ಕೆಟ್ಟು ಮಲಗಿದ್ದ ದಿನ ಆ ಪುಟದ ಪಾಠವಾಗಿತ್ತು.

ಪುಟ್ಟಗೌರಮ್ಮನಿಗೆ ಇದರಲ್ಲಿ ಇಷ್ಟು ಆಸ್ಥೆ ಇದ್ದುದಕ್ಕೆ ಕಾರಣವಿತ್ತು. ಆಕೆಗೆ ಒಂದು ಸೀಮೆಹಸು ಇತ್ತು, ಜಯ ಅಂತ, ಕಪ್ಪು ಬಿಳಿ ಮಚ್ಚೆಯದು. ಹಿಂದಿನ ಬೇಸಿಗೆಯಲ್ಲಿ ಹಸಿರು ಮೇವಿಲ್ಲದೆ ಅದು ಬರಿಯ ಎಲುಬಾಗಿ, ಕಸಾಯಿಯವನು ಎರಡು ಸಲ ಬಾಗಿಲಿಗೆ ಬಂದು ಹೋಗಿದ್ದ. ಅದಕ್ಕೇ ಗುಂಡಿ ತುಂಬುವ ಕೆಲಸ ಒಪ್ಪಿಕೊಳ್ಳುವಾಗ ಆಕೆ ಅಧ್ಯಕ್ಷರ ಹತ್ತಿರ ಒಂದು ಮಾತು ಕೇಳಿ ಪಡೆದಿದ್ದಳು: ಮೊದಲನೇ ಗುಂಡಿಯಲ್ಲಿ ಕಾಲು ಭಾಗ ರಸಮೇವು ತನ್ನದು. ಎರಡನೇ ಗುಂಡಿ ತುಂಬುತ್ತಾರೋ ಇಲ್ಲವೋ ಯಾರು ಕಂಡರು, ಮೊದಲನೇದರಲ್ಲೇ ಕೊಟ್ಟುಬಿಡಿ ಎಂದು ಆಕೆಯೇ ಹಟ ಹಿಡಿದು ಹೇಳಿಸಿಕೊಂಡದ್ದು.

ಆ ವರ್ಷ ಮಹಾಲಯ ಅಮಾವಾಸ್ಯೆಯ ವಾರದಲ್ಲಿ ಜಿಲ್ಲೆಯ ಕಡೆಯಿಂದ ಗಣ್ಯರು ತೋಟ ನೋಡಲು ಬರುತ್ತಾರೆ, ಅವರ ಕೈಯಿಂದಲೇ ಮೊದಲ ಗುಂಡಿಯ ಉದ್ಘಾಟನೆ ಎಂದು ನಿಶ್ಚಯವಾಯಿತು. ಅದಕ್ಕೆ ಒಂಬತ್ತು ದಿನ ಮುಂಚೆ, ಒಂದು ಬುಧವಾರ, ಅಧ್ಯಕ್ಷರು ಬದುವಿನ ಮೇಲೆ ನಿಂತು ಹುಲ್ಲನ್ನು ನೋಡಿ ಮುಖ ಸಿಂಡರಿಸಿದರು.

“ಯಾಕೋ ಮಂಕಾಗದೆ ಕಣಯ್ಯ ಬಿಳಿಗಿರಿ.”

“ಕುಯ್ಲು ಹತ್ರ ಬಂತಲ್ಲ ಬುದ್ಧಿ, ಬಣ್ಣ ಹಂಗೇ ಇಳೀತದೆ.”

“ನೋಡಕ್ಕೆ ಬರೋರು ಕಣ್ಣಲ್ಲಿ ನೋಡ್ತಾರೋ, ಇಲ್ಲ ಮೇಯ್ದು ನೋಡ್ತಾರೋ?”

“ಕಣ್ಣಲ್ಲಿ ಬುದ್ಧಿ.”

“ಅಂಗಾದ್ರೆ ಕಣ್ಣಿಗೆ ಕಾಣಂಗೆ ಮಾಡು. ಗೋಡೌನ್ಲಿ ಇನ್ನೆರಡು ಮೂಟೆ ಅದಲ್ಲ, ಎರಚ್ಬುಡು ಅತ್ಲಾಗೆ.”

ಪುಟ್ಟಗೌರಮ್ಮನ ಮಾತು ನನಗೆ ನೆನಪಿತ್ತು. ಅದರ ಜೊತೆಗೇ ನನ್ನನ್ನು ಕಾಯಂ ಮಾಡಬೇಕೆಂದು ಶಿಫಾರಸು ಮಾಡುವ ಪತ್ರವೂ ನೆನಪಿತ್ತು. ಪತ್ರವನ್ನು ನಾನೇ ಬರೆದು, ನನ್ನ ಗುಣಗಾನವನ್ನು ಸಂಕೋಚವಿಲ್ಲದೆ ಮಾಡಿ, ಅಧ್ಯಕ್ಷರಿಗೆ ಕೊಟ್ಟಿದ್ದೆ. ಅವರ ಸಹಿ ಒಂದು ಬಾಕಿ. ಪತ್ರ ಅವರ ಜುಬ್ಬದ ಜೇಬಿನಿಂದ ಇಣುಕುತ್ತಿತ್ತು. ‘ಆಗಲ್ಲ ಬುದ್ಧಿ’ ಎಂದು ಹೇಳಬೇಕಾದವನ ಗಂಟಲಲ್ಲಿ ‘ಆಗ್ಲಿ ಬುದ್ಧಿ’ ಎಂಬುದು ಎಷ್ಟು ಸಲೀಸಾಗಿ ಬಂತೆಂದರೆ ನನಗೇ ಆಶ್ಚರ್ಯವಾಯಿತು.

ಆ ದಿನ ಪುಟ್ಟಗೌರಮ್ಮ ಹಸುವನ್ನು ದನದ ಡಾಕ್ಟರಿಗೆ ತೋರಿಸಲು ಹೊಡೆದುಕೊಂಡು ಹೋಗಿದ್ದಳು. ಆಕೆ ಇಲ್ಲದ ಧೈರ್ಯದಲ್ಲಿ ಎರಡು ಮೂಟೆಯನ್ನೂ ಎರಚಿ ಮುಗಿಸಿದೆ. ಎದೆಮಟ್ಟದ ಹುಲ್ಲಿನೊಳಗೆ ಕಣ್ಣುಮುಚ್ಚಿ ಎರಚಿದರೂ ಯಾರಿಗೂ ಕಾಣುವುದಿಲ್ಲ ಎಂದುಕೊಂಡಿದ್ದೆ. ಮಾರನೆಯ ದಿನ ಆಕೆ ಒಂದು ಗರಿ ಬಗ್ಗಿಸಿ, ಅದರ ಸಂದಿಯಲ್ಲಿ ಸಿಕ್ಕಿಕೊಂಡಿದ್ದ ಬಿಳಿ ಕಾಳನ್ನು ಉಗುರಿನಿಂದ ತೆಗೆದು ನನ್ನ ಮೂಗಿನ ಮುಂದೆ ಹಿಡಿದಳು.

“ಎರಚ್ದೋನು ನೀನೆ. ಗುಡ್ಡೆ ನೋಡಿದ್ರೇ ಗೊತ್ತಾಯ್ತದೆ. ಏಳ್ದೋರು ಯಾರು?”

ನಾನು ಅಧ್ಯಕ್ಷರ ಮನೆಯ ಕಡೆ ನೋಡಿದೆ.

“ಮುಂದಿನ್ ವಾರ ಸುಕ್ರುವಾರ ಕುಯ್ದು ಗುಂಡಿಗಾಕ್ತಾರೆ ಅಲ್ವ?”

“ಹೂಂ.”

“ನನ್ ಪಾಲು ಅದ್ರಲ್ಲೇ ಅಲ್ವ?”

“ಹೂಂ.”

“ಜಯ ಗಬ್ಬ ನಿಂತದೆ ಕಣ್ಲಾ. ಮೂರ್ ತಿಂಗ್ಳಂತೆ, ಡಾಕ್ಟ್ರು ಏಳುದ್ರು. ಇನ್ನಾರ್ ತಿಂಗ್ಳಿಗೆ ಕರ ಆಕ್ತದೆ, ನಡೂ ಬೇಸ್ಗೇಲಿ. ಆವಾಗ ಅದ್ರ ಬಾಯಿಗೆ ನಿನ್ ಕೈಪಿಡಿ ಇಡ್ಲಾ?”

ಬೈದಿದ್ದರೆ ಸಮಾಧಾನವಾಗುತ್ತಿತ್ತು. ಆಕೆ ಬೈಯಲಿಲ್ಲ. ಆ ಸಂಜೆ, ಊರವರೆಲ್ಲ ಕ್ಯಾನು ಹಿಡಿದು ಹಾಲು ಹಾಕಲು ಸಾಲು ನಿಂತಿದ್ದಾಗ, ಸೊಸೈಟಿಯ ಜಗಲಿಯ ಮೇಲೆ ಕೂತಿದ್ದ ಅಧ್ಯಕ್ಷರ ಮುಂದೆ ಕೈಮುಗಿದು ನಿಂತಳು.

“ಬುದ್ಧಿ, ಒಂದ್ ತಪ್ಪಾಗೋಯ್ತು.”

“ಏನಮ್ಮ ಅದು?”

“ನನ್ನಸ ಗಬ್ಬ ನಿಂತ್ರೆ ಸಾಕು ಅಂತ ಬೆಟ್ಟದ ಮಾದಪ್ಪಂಗೆ ಅರಕೆ ಕಟ್ಕಂಡಿದ್ದೆ. ನಿಂತದೆ.”

“ಒಳ್ಳೇದೇ ಆಯ್ತಲ್ಲ.”

“ಅರಕೆ ನಿಮ್ಮುಲ್ಲಿನ ಮ್ಯಾಲೆ ಆಗೋಗದೆ ಬುದ್ಧಿ. ಗಬ್ಬ ನಿಂತದ್ದು ತಿಳಿದ್ ಮ್ಯಾಲೆ ಮೂರ್ ಸೋಮ್ವಾರ ಕಳ್ಯೋಗಂಟ ಆ ಉಲ್ಲಿಗೆ ಕುಡ್ಲು ಮುಟ್ಸಲ್ಲ ಅಂದ್ಬುಟ್ಟಿದ್ದೆ.”

“ನಿನ್ನಸಕ್ಕೆ ನನ್ನುಲ್ಲು ಯಾಕಮ್ಮ ಬೇಕಿತ್ತು ಅರಕೆಗೆ?”

“ನಂದು ಅಂತ ಉಲ್ಲೆಲ್ಲದೆ ಬುದ್ಧಿ?”

ಸಾಲಿನಲ್ಲಿದ್ದವರು ಹೌದು ಹೌದೆಂದು ತಲೆಯಾಡಿಸಿದರು. ಹಾಲಿನ ಡಿಗ್ರಿ ನೋಡುವ ಮಹದೇವಯ್ಯ ಕೈಯಲ್ಲಿದ್ದ ಮಾಪಕವನ್ನು ಕೆಳಗಿಟ್ಟು, “ಮಾದಪ್ಪನ್ ಸೋಮ್ವಾರ ಅಂದ್ ಮೇಲೆ ಮಾತೇನದೆ” ಎಂದುಬಿಟ್ಟ. ಹಣೆ, ತೋಳು, ಎದೆಯ ತುಂಬ ವಿಭೂತಿ ಬಳಿದುಕೊಂಡು ಕೂತಿದ್ದ ಅಧ್ಯಕ್ಷರಿಗೆ ‘ಆಗ್ಲಿ ಬುಡು’ ಅನ್ನದೆ ಬೇರೆ ದಾರಿ ಇರಲಿಲ್ಲ.

ಆಮೇಲೆ ಆಕೆಯ ಹಿಂದೆ ಹಿಂದೆಯೇ ಹೋಗಿ ಕೇಳಿದೆ. “ಗೌರವ್ವ, ಈ ಹರಕೆ ಯಾವಾಗ ಕಟ್ಕಂಡಿದ್ದು?”

“ಈಗ ಬರೋವಾಗ, ದಾರೀಲಿ.”

“ಹಸು ಗಬ್ಬ ನಿಂತು ಮೂರು ತಿಂಗಳಾಯ್ತಲ್ಲ?”

“ತಾರೀಕು ಕೇಳಕ್ಕೆ ಮಾದಪ್ಪ ಏನು ನಿನ್ನಂಗೆ ಸೊಸೈಟೀಲಿ ಕೆಲ್ಸಕ್ಕವ್ನಾ?”

ಲೆಕ್ಕ ಹಾಕಿ ನೋಡಿದೆ. ಯೂರಿಯಾ ಹಾಕಿದ ಬುಧವಾರದಿಂದ ಮೂರನೇ ಸೋಮವಾರ ಕಳೆಯುವುದಕ್ಕೆ ಹತ್ತೊಂಬತ್ತು ದಿನ. ಕೈಪಿಡಿ ಹನ್ನೆರಡು ಸಾಲಿನಲ್ಲಿ ಹೇಳಿದ್ದನ್ನು ಆಕೆ ದೇವರ ಬಾಯಿಂದ ಒಂದೇ ಸಾಲಿನಲ್ಲಿ ಹೇಳಿಸಿದ್ದಳು. ಸೊಸೈಟಿಯ ಠರಾವನ್ನು ಮುರಿಯಬಹುದು, ಇಲಾಖೆಯ ಸುತ್ತೋಲೆಯನ್ನು ಮಡಿಸಿ ಜೇಬಿಗಿಡಬಹುದು. ಹರಕೆಯನ್ನು ಏನು ಮಾಡುತ್ತೀರಿ?

ಏನು ಮಾಡಬಹುದು ಅನ್ನುವುದನ್ನು ಅಧ್ಯಕ್ಷರು ತೋರಿಸಿಕೊಟ್ಟರು. ಮೊದಲ ಸೋಮವಾರ ಪುಟ್ಟಗೌರಮ್ಮ ತನ್ನ ಐದು ಜನ ಹೆಣ್ಣಾಳುಗಳನ್ನು ಕಟ್ಟಿಕೊಂಡು ಅಮಾವಾಸ್ಯೆಗೆಂದು ಬೆಟ್ಟಕ್ಕೆ ನಡೆದು ಹೊರಟಳು. ಅರ್ಧ ಊರು ಅವರ ಹಿಂದೆ ಹೋಯಿತು. ಊರು ಖಾಲಿಯಾದ ಮೇಲೆ ಅಧ್ಯಕ್ಷರು ನನ್ನನ್ನು ಕರೆದು ತತ್ವ ಬೋಧಿಸಿದರು.

“ಅರಕೆ ಒತ್ತೋಳು ಅವ್ಳು. ಕುಡ್ಲು ಇನ್ನೊಬ್ರುದು ಆದ್ರೆ ಅರಕೆ ಎಂಗಯ್ಯ ಕೆಡ್ತದೆ? ಅಷ್ಟೂ ತಿಳ್ಕಳ್ದೋನಾ ಮಾದಪ್ಪ?”

ಗಡಿಯಾಚೆಯಿಂದ ಕೂಲಿಗೆ ಬಂದಿದ್ದ ನಾಲ್ಕು ಜನ ತಮಿಳರನ್ನು ಕರೆಸಿದರು. ರಸ್ತೆಗೆ ಕಾಣದ ಹಾಗೆ ಹುಣಸೆ ಮರಗಳ ಹಿಂದಿದ್ದ ಒಂದು ಎಕರೆ ಹುಲ್ಲನ್ನು ಕುಯ್ಯಿಸಿದರು. ಕೇಳಿದವರಿಗೆ, ಉದ್ಘಾಟನೆಯ ಹುಲ್ಲು ತಮ್ಮ ಬಾವಿ ಜಮೀನಿನದು ಎಂದರು. ಹರಕೆಯ ವಿಷಯವನ್ನು ಆ ಕೂಲಿಯವರಿಗೆ ಹೇಳುವಷ್ಟು ತಮಿಳು ನನಗೆ ಬರುತ್ತಿತ್ತು. ಹೇಳಲಿಲ್ಲ.

ಅಮಾವಾಸ್ಯೆ ಕಳೆದ ಎರಡನೇ ದಿನ ಮೂರು ಜೀಪು ಬಂದವು. ರಸ್ತೆ ಬದಿಯ ಹುಲ್ಲು ಬಣ್ಣ ಬಳಿದಂತೆ ಕಪ್ಪುಹಸಿರಾಗಿ ನಿಂತಿತ್ತು. ಗಣ್ಯರಲ್ಲೊಬ್ಬರು ಅದನ್ನು ಕಬ್ಬು ಎಂದು ತಿಳಿದು ಯಾವ ಕಾರ್ಖಾನೆಗೆ ಹೋಗುತ್ತದೆ ಎಂದು ಕೇಳಿದರು. ಇನ್ನೊಬ್ಬರು ಬಣ್ಣದ ಗುಟ್ಟು ಕೇಳಿದಾಗ ಅಧ್ಯಕ್ಷರು ನನ್ನ ಬೆನ್ನು ತಟ್ಟಿ, “ನಮ್ ಹುಡುಗರ ಶ್ರಮ” ಎಂದರು. ನನ್ನ ವಿಷಯದಲ್ಲಿ ಅವರು ಆಡಿದ ಏಕೈಕ ನಿಜ. ಮುಖ್ಯ ಅತಿಥಿಗಳು ಕತ್ತರಿಸಿದ ಹುಲ್ಲನ್ನು ಒಂದು ಮಂಕರಿ ಗುಂಡಿಗೆ ಸುರಿದು ಫೋಟೋಕ್ಕೆ ಬಗ್ಗಿದಾಗ ಅವರ ಕೊರಳಿನ ಚೆಂಡುಹೂವಿನ ಹಾರ ಜಾರಿ ಒಳಗೆ ಬಿತ್ತು. ಅದನ್ನೂ ಸೇರಿಸಿ ತುಳಿದೆವು. ಒಂದೊಂದು ಹೆಜ್ಜೆಗೂ ಪಾದ ಮು‌ಳುಗುವಷ್ಟು ಹಸಿರು ನೀರು ಏಳುತ್ತಿತ್ತು. ನಾಲೆ ಬಯಲಿನಲ್ಲಿ ಕೆಸರು ತುಳಿದ ಹಾಗಿತ್ತು. ಪ್ಲಾಸ್ಟಿಕ್ ಹಾಸಿ, ಮೇಲೆ ಮಣ್ಣು ಎಳೆದು, ಚಪ್ಪಾಳೆ ತಟ್ಟಿ ಗುಂಡಿ ಮುಚ್ಚಿದೆವು.

ಪುಟ್ಟಗೌರಮ್ಮ ಬೆಟ್ಟದಿಂದ ಬಂದವಳು ಚೀಲವನ್ನೂ ಇಳಿಸದೆ ಸೀದಾ ಹುಣಸೆ ಮರಗಳ ಹಿಂದಕ್ಕೆ ನಡೆದಳು. ಸ್ವಲ್ಪ ಹೊತ್ತಿನ ಮೇಲೆ ತಿರುಗಿ ಬಂದು ನನ್ನ ಅಂಗೈಗೆ ಪ್ರಸಾದದ ಲಾಡು ಮುರಿದು ಹಾಕಿದಳು.

“ತಿನ್ನು. ಪಾಪ ಮಾಡ್ದೋರ್ಗೇ ಮೊದ್ಲು ಕೊಡ್ಬೇಕಂತೆ.”

“ಬುದ್ಧಿಯವರೇ ಹೇಳಿದ್ದು ಗೌರವ್ವ.”

“ನಿನ್ನ ಬಾಯಿಗೆ ಯಾವಾಗ್ಲೂ ಯಾರೋ ಏಳಿರ್ತಾರೆ” ಎಂದು ಹೋದಳು.

ಉಳಿದ ಎರಡು ಎಕರೆಗೆ ಆಕೆಯೇ ಕಾವಲು ಕೂತಳು. ಮೂರನೇ ಸೋಮವಾರ ಕಳೆಯಿತು. ಮಂಗಳವಾರ ಬೆಳಿಗ್ಗೆ ಒಂದು ಕಡ್ಡಿ ಮುರಿದು ಅಗಿದು ಉಗಿದಳು: “ಇನ್ನೂ ಸಪ್ಪೆ.” ಗುರುವಾರ ಮತ್ತೆ ಅಗಿದಳು, ಈ ಸಲ ಉಗಿಯಲಿಲ್ಲ. ನನಗೂ ಒಂದು ತುಂಡು ಕೊಟ್ಟಳು. ಎಳೆ ಕಬ್ಬಿನ ತುದಿಯಂಥ ಒಂದು ಸಿಹಿ, ಹುಡುಕಿದರೆ ಸಿಗುವಷ್ಟು. ಅಷ್ಟು ಹೊತ್ತಿಗೆ ಹುಲ್ಲಿನ ಕಪ್ಪು ಇಳಿದು ಅದೇ ಮಂಕು ಬಣ್ಣ ಬಂದಿತ್ತು. ಕುಯ್ದ ಹುಲ್ಲನ್ನು ಅರ್ಧ ದಿನ ಬಿಸಿಲಿಗೆ ಬಾಡಿಸಿ, ಎರಡನೇ ಗುಂಡಿಗೆ ಹಾಕಿಸಿ, ನಮ್ಮನ್ನೆಲ್ಲ ಸಾಲಾಗಿ ನಿಲ್ಲಿಸಿ ತುಳಿಸಿದಳು. ನನ್ನ ಪಾದದ ಕೆಳಗೆ ನೀರು ಏಳಲಿಲ್ಲ. ಆಕೆ ಒಬ್ಬಳೇ ಮೂಲೆ ಮೂಲೆಯನ್ನು ಹಿಮ್ಮಡಿಯಿಂದ ಗುದ್ದಿ ಗುದ್ದಿ ತುಳಿಯುತ್ತಿದ್ದಳು, ತನ್ನ ಪಾಲು ಅದರಲ್ಲಿ ಒಂದು ಹಿಡಿಯೂ ಇಲ್ಲ ಎಂದು ಗೊತ್ತಿದ್ದೂ.

ಶಿವರಾತ್ರಿಗೆ ಇನ್ನೂ ಹದಿನೈದು ದಿನ ಇರುವಾಗ ಮೊದಲ ಗುಂಡಿಯ ಬಾಯಿ ತೆಗೆದೆವು. ಪ್ಲಾಸ್ಟಿಕ್ ಎತ್ತಿದವನು ಮೂರು ಮಾರು ಹಿಂದಕ್ಕೆ ಹಾರಿದ. ಕೆಟ್ಟ ಬೆಣ್ಣೆಯ ನಾತ, ಕೈಗೆ ಲೋಳೆ ಲೋಳೆಯಾಗಿ ಹತ್ತುವ ಕರಿ ರಾಡಿ. ಇಡೀ ಗುಂಡಿಯಲ್ಲಿ ಗುರುತು ಸಿಗುವಂತೆ ಉಳಿದದ್ದು ಮುಖ್ಯ ಅತಿಥಿಗಳ ಚೆಂಡುಹೂವಿನ ಹಾರದ ದಾರ ಮಾತ್ರ. ಅಧ್ಯಕ್ಷರ ಹಸುಗಳು ಒಮ್ಮೆ ಮೂಸಿ, ನಮ್ಮನ್ನು ಒಂದು ಥರ ನೋಡಿ, ಮುಖ ತಿರುಗಿಸಿದವು. ಎರಡನೇ ಗುಂಡಿ ತೆಗೆದಾಗ ಹಳದಿಹಸಿರು ಮೇವು, ಹುಳಿ ಬಂದ ದೋಸೆ ಹಿಟ್ಟಿನ ವಾಸನೆ. ಅದೇ ಹಸುಗಳು ಹಗ್ಗ ಜಗ್ಗಿದವು.

ಮಾರನೆಯ ದಿನ ಬೆಳಿಗ್ಗೆ ಹಾಲು ಹಾಕುವ ಹೊತ್ತಿಗೆ ಅಧ್ಯಕ್ಷರು ಜಗಲಿಯ ಮೇಲೆ ಕೂತು, ಎಲ್ಲರಿಗೂ ಕೇಳುವ ಹಾಗೆ ಪುಟ್ಟಗೌರಮ್ಮನನ್ನು ಕರೆದರು. ಗುಂಡಿ ಕೆಟ್ಟ ಸುದ್ದಿ ಊರಿಗೆ ಇನ್ನೂ ಹಬ್ಬಿರಲಿಲ್ಲ.

“ನೋಡಮ್ಮ, ನಂದು ಮಾತು ಅಂದ್ರೆ ಮಾತು. ಮೊದಲ್ನೇ ಗುಂಡೀಲಿ ಕಾಲು ನಿಂದು ಅಂದಿದ್ದೆ. ಪಾಪ, ತುಂಬಿದ ಗಬ್ಬದ ಅಸ ಮಡಿಕ್ಕಂಡಿದ್ದಿ. ಕಾಲು ಯಾಕೆ, ಇಡೀ ಗುಂಡೀನೇ ತಕಂಡೋಗು.”

ಸಾಲಿನಲ್ಲಿದ್ದವರು ಆ ಔದಾರ್ಯಕ್ಕೆ ಬೆರಗಾದರು. ಒಬ್ಬಳು ಲೊಚಗುಟ್ಟಿದಳು. ಪುಟ್ಟಗೌರಮ್ಮ ನನ್ನ ಕಡೆ ತಿರುಗಿದಳು.

“ಏಳ್ಲಾ. ಆ ಗುಂಡೀಲಿ ಏನದೆ, ಎಂಗಾಯ್ತು, ನೀನೇ ಏಳು. ನಾ ಏಳಿದ್ರೆ ಕೂಲಿಯೋಳ ಮಾತು.”

ಅಧ್ಯಕ್ಷರು ಜೇಬಿನ ಪತ್ರದ ಮೇಲೆ ಅಂಗೈ ಇಟ್ಟು ನನ್ನನ್ನೇ ನೋಡಿದರು. ನಾಲ್ಕೈದು ತಿಂಗಳಿಂದ ಅದು ಅದೇ ಜೇಬಿನಲ್ಲಿ, ಜುಬ್ಬ ಬದಲಾದರೂ ತಾನು ಬದಲಾಗದೆ, ಇತ್ತು. ನಾನು ಗಂಟಲು ಸರಿಮಾಡಿಕೊಂಡು ಹೇಳಿದೆ: “ಕಟಾವಿಗೆ ಪೂರ್ವಭಾವಿಯಾಗಿ ಸಾರಜನಕದ ಪ್ರಮಾಣ ಅಧಿಕಗೊಂಡ ಕಾರಣ ಹುದುಗುವಿಕೆಯ ಪ್ರಕ್ರಿಯೆಯಲ್ಲಿ ವ್ಯತ್ಯಯ ಉಂಟಾಗಿ...”

ಜನ ಇದನ್ನೂ ಅಧ್ಯಕ್ಷರ ಹೊಗಳಿಕೆ ಎಂದು ತಿಳಿದು ತಲೆಯಾಡಿಸಿದರು. ಅಧ್ಯಕ್ಷರೂ ಆಡಿಸಿದರು.

“ನಿನ್ ಬಾಯಲ್ಲಿ ಏಳ್ಲಾ” ಎಂದಳು ಪುಟ್ಟಗೌರಮ್ಮ. “ಜಯನ ಒಟ್ಟೇಲಿ ಕರ ಅದೆ.”

ಹೇಳಿದೆ. ಕುಯ್ಲಿಗೆ ಒಂಬತ್ತು ದಿನ ಇರುವಾಗ ನಾನೇ ಎರಡು ಮೂಟೆ ಯೂರಿಯಾ ಎರಚಿದ್ದು, ಬುದ್ಧಿಯವರು ಎರಚು ಅಂದದ್ದು, ಗೌರವ್ವ ಬೇಡ ಅಂದರೂ ಅದೇ ಹುಲ್ಲನ್ನು ತುಂಬಿದ್ದು, ಈಗ ಅದು ತಿಪ್ಪೆಗೂ ನಾಚಿಕೆಯಾಗುವಂತೆ ಕೊಳೆತಿರುವುದು. ಹೇಳುತ್ತಾ ಹೇಳುತ್ತಾ ನನ್ನ ಧ್ವನಿ ನನಗೇ ಹರಿಶ್ಚಂದ್ರನದಂತೆ ಕೇಳತೊಡಗಿತು. ನಿಲ್ಲಿಸಿ ಸುತ್ತ ನೋಡಿದೆ. ಯಾರ ಮುಖದಲ್ಲೂ ಏನೂ ಇರಲಿಲ್ಲ. ಒಬ್ಬ ಆಕಳಿಸಿದ. ಯೂರಿಯಾ ಹೆಚ್ಚಾದರೇನು ಕಮ್ಮಿಯಾದರೇನು, ಸೊಸೈಟಿಯದು ತಾನೇ.

ಅಧ್ಯಕ್ಷರು ನಕ್ಕರು. “ಹುಡುಗ ಏನೋ ಒಂದಿಡಿ ಎಚ್ಚಾಗಿ ಆಕವ್ನೆ. ಆಗ್ತದೆ ಬುಡಿ.”

ಆಗ ಮಹದೇವಯ್ಯ, ಮಾಪಕವನ್ನು ಒಂದು ಕ್ಯಾನಿನಲ್ಲಿ ಅದ್ದಿ ಬಗ್ಗಿ ನೋಡುತ್ತಲೇ ಕೇಳಿದ. “ಅದೇ ಉಲ್ಲು ಅಂದ್ಯಲ್ಲ ಬಿಳಿಗಿರಿ. ಅವತ್ತಿನ ಉಲ್ಲು ಬಾವಿ ಜಮೀನ್ದು ಅಂದಿದ್ರಲ್ಲ ಬುದ್ಧಿಯೋರು?”

“ಇಲ್ಲ. ಹುಣಸೆ ಮರದ ಹಿಂದಿಂದು.”

“ಅರಕೆ ಉಲ್ಲು?”

“ಹೂಂ.”

“ಎಷ್ಟ್ನೇ ಸೋಮ್ವಾರ ಕಳೆದಿತ್ತು?”

“ಒಂದೇ.”

ಆಕಳಿಸುತ್ತಿದ್ದವನ ಬಾಯಿ ಹಾಗೆಯೇ ತೆರೆದಿತ್ತು. ಸಾಲಿನ ಮುಂದಿದ್ದ ಹೆಂಗಸು ಮುಂದಿಟ್ಟಿದ್ದ ಕ್ಯಾನನ್ನು ಮೆಲ್ಲಗೆ ತನ್ನ ಕಡೆ ಎಳೆದುಕೊಂಡಳು. “ಮಾದಪ್ಪನ್ ಉಲ್ಲ ಕುಯ್ಸಿ ಜೀಪಲ್ಲಿ ಬಂದೋರ್ಗೆ ತೋರ್ಸುದ್ರಾ?” ಎಂದು ಹಿಂದಿನಿಂದ ಯಾರೋ ಅಂದರು. ಕೊಳೆತದ್ದು ಏಕೆಂದು ಈಗ ಎಲ್ಲರಿಗೂ ಅರ್ಥವಾಗಿತ್ತು. ನನ್ನ ಸಾರಜನಕವನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ಅಧ್ಯಕ್ಷರ ಹಣೆಯ ವಿಭೂತಿ ಬೆವರಿಗೆ ನೆನೆದು ಹುಬ್ಬಿಗೆ ಇಳಿಯಿತು. ಅವರು ಪುಟ್ಟಗೌರಮ್ಮನ ಮುಖ ನೋಡಲಿಲ್ಲ. ಕಂಬ ನೋಡಿಕೊಂಡು ಹೇಳಿದರು:

“ಆಯ್ತಮ್ಮ. ಎರಡ್ನೇ ಗುಂಡೀಲಿ ಅರ್ಧ ತಕೋ.”

“ಕಾಲು ಅಂತ ಮಾತು ಬುದ್ಧಿ. ಕಾಲೇ ಸಾಕು” ಎಂದಳು ಪುಟ್ಟಗೌರಮ್ಮ. ಆಮೇಲೆ ಗದ್ದದಿಂದ ನನ್ನನ್ನು ತೋರಿಸಿ, “ಒರೋಕೆ ಇವ್ನ ಕಳ್ಸಿ” ಎಂದಳು.

ಪತ್ರದ ವಿಷಯ ಆಮೇಲೆ ನೋಡೋಣ ಎಂದರು ಅಧ್ಯಕ್ಷರು. ಆ ಆಮೇಲೆ ಇವತ್ತಿಗೂ ಬಂದಿಲ್ಲ. ಮುಂದಿನ ತಿಂಗಳು ನನ್ನ ಜಾಗಕ್ಕೆ ಇನ್ನೊಬ್ಬ ಸಹಾಯಕ ಅದೇ ಕೈಪಿಡಿ ಹಿಡಿದು ಬಂದ. ಅಲ್ಲಿಯವರೆಗೆ ನಾನು ದಿನಾ ಬೆಳಿಗ್ಗೆ ಗುಂಡಿಯಿಂದ ರಸಮೇವು ತೆಗೆದು ಗೋಣಿಯಲ್ಲಿ ತುಂಬಿ, ತಲೆಯ ಮೇಲೆ ಹೊತ್ತು ಪುಟ್ಟಗೌರಮ್ಮನ ಮನೆಗೆ ಸಾಗಿಸಿದೆ. ಹುಳಿ ನೀರು ಕಿವಿಯ ಹಿಂದಿನಿಂದ ಇಳಿದು ಅಂಗಿಯ ಒಳಗೆ ಹೋಗುತ್ತಿತ್ತು. ಎರಡು ತಿಂಗಳು ನನ್ನ ಪಕ್ಕ ಬಸ್ಸಿನಲ್ಲಿ ಯಾರೂ ಕೂರಲಿಲ್ಲ.

ಮೊದಲ ಹೊರೆ ಇಳಿಸಿದ ದಿನ ಜಯ ಗೋಡೆಗೆ ಹೊಟ್ಟೆ ಆನಿಸಿಕೊಂಡು ನಿಂತಿತ್ತು. ಪುಟ್ಟಗೌರಮ್ಮ ಒಂದು ಹಿಡಿ ಮೇವು ತೆಗೆದು ಮೊದಲು ತಾನು ಮೂಸಿ, ಆಮೇಲೆ ಅದರ ಮೂತಿಗೆ ಹಿಡಿದಳು. ಹಸು ಒಂದು ಸಲ ಉಸಿರು ಬಿಟ್ಟಿತು. ಮುಖ ಆಚೆಗೆ ತಿರುಗಿಸಿತು. ಪುಟ್ಟಗೌರಮ್ಮನ ಕೈ ಅಲ್ಲೇ ನಿಂತಿತ್ತು. ಸ್ವಲ್ಪ ಹೊತ್ತಾದ ಮೇಲೆ ಅದು ನಾಲಗೆ ಚಾಚಿ ಆಕೆಯ ಅಂಗೈ ನೆಕ್ಕಿತು, ಒಂದು ಎಳೆ ಎಳೆದುಕೊಂಡಿತು, ಆಮೇಲೆ ಮೇವಿನ ಬಾನಿಯೊಳಕ್ಕೆ ಮೂತಿ ಇಟ್ಟದ್ದು ಮೇಲೆತ್ತಲೇ ಇಲ್ಲ.

ಆಕೆ ಕಣ್ಣೊರೆಸಿಕೊಂಡಳೋ, ಮೂಗೊರೆಸಿಕೊಂಡಳೋ, ಸೆರಗಿನ ಮರೆಯಲ್ಲಿ ನನಗೆ ಕಾಣಲಿಲ್ಲ.

“ಬಾಯ್ ಬುಟ್ಕಂಡು ಏನ್ ನೋಡಿಯೆ?” ಎಂದಳು. “ಬಿಸ್ಲು ಏರೋಕ್ ಮುಂಚೆ ಇನ್ನೊಂದ್ ಒರೆ ತಕಂಬಾ, ಓಗು.”